ಶಾಸನ, ಸರ್ಪ ಮತ್ತು ಸರ್ ವಾಲ್ಟರ್ ಎಲಿಯಟ್

ಬಾದಾಮಿಯ ಬಂಡೆಗಳ ನೆರಳಿನಲ್ಲಿ ಬೆಳೆದ ನಮಗೆ ಚಾಲುಕ್ಯರ ಹೆಸರು ಹೊಸದಲ್ಲ. ಅವರ ವಂಶಚರಿತ್ರೆಯನ್ನು ಶಾಸನಗಳಿಂದ ಹೆಕ್ಕಿ ಜೋಡಿಸಿದ ಮೊದಲಿಗರಲ್ಲಿ ಸರ್ ವಾಲ್ಟರ್ ಎಲಿಯಟ್ಟರು ಒಬ್ಬರು. ಅವರ ಹೆಸರು ಒಂದು ಹಾವಿಗೂ ಇದೆಯೆಂದು ಪ್ರಾಣಿಶಾಸ್ತ್ರದ ಓದಿನಲ್ಲಿ ತಿಳಿದಾಗ ನಾನು ಬೆರಗಾದೆನು.

ಎಲಿಯಟ್ಟರು 1803ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದರು. 1821ರಲ್ಲಿ ಕುಂಪಣಿಯ ನೌಕರರಾಗಿ ಮದರಾಸಿಗೆ ಬಂದು, ಮುಂದೆ ಧಾರವಾಡದಲ್ಲಿ ಥ್ಯಾಕರೆಯ ಸಹಾಯಕರಾದರು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಮಡಿದನು, ಎಲಿಯಟ್ಟರು ಸೆರೆಸಿಕ್ಕರು. ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಆಮೇಲೆಯೂ 1833ರವರೆಗೆ ಈ ಸೀಮೆಯಲ್ಲಿಯೇ ಇದ್ದರು. ಅವರು ಕೂಡಿಸಿದ ಶಾಸನಗಳ ಪ್ರತಿಗಳು 500ಕ್ಕೂ ಹೆಚ್ಚು. ಅವುಗಳ ಫಲವಾದ ಪ್ರಬಂಧವು 1837ರಲ್ಲಿ ಅಚ್ಚಾಯಿತು.

ಕಲ್ಲಿನಷ್ಟೇ ಆಸ್ಥೆ ಪ್ರಾಣಿಗಳಲ್ಲಿಯೂ ಇತ್ತು. 1839ರಲ್ಲಿ ಈ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿ, ಅದರಲ್ಲಿ ಕನ್ನಡದ ಹೆಸರುಗಳನ್ನೂ ಕೊಟ್ಟರು. ನಮ್ಮ ಜನರು ಗುಲಂಡಿಯೆನ್ನುತ್ತಿದ್ದ ಇಲಿಯು ಶಾಸ್ತ್ರದಲ್ಲಿ 'ಗೋಲುಂಡ ಎಲಿಯಟೈ' ಆಯಿತು.

ಹಾವಿಗೆ ಅವರ ಹೆಸರನ್ನಿಟ್ಟವರು ಲಂಡನ್ನಿನ ಗ್ರೇ ಎಂಬ ವಿದ್ವಾಂಸರು, 1858ರಲ್ಲಿ. ಇಂದು ಅದು 'ಯುರೋಪೆಲ್ಟಿಸ್ ಎಲಿಯಟೈ'. ಇದರ ಕುಟುಂಬ ಚಿಕ್ಕದು; ಪ್ರಭೇದಗಳು 50ಕ್ಕೂ ಹೆಚ್ಚು. ದಕ್ಷಿಣ ಭಾರತ ಮತ್ತು ಸಿಂಹಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಚೂಪು ಮೂತಿಯಿಂದ ಮಣ್ಣು ಕೊರೆದು ಎರೆಹುಳು ತಿನ್ನುವ, ಮರಿ ಹಾಕುವ, ವಿಷವಿಲ್ಲದ ಜೀವಿಗಳಿವು. ಅನೇಕ ಪ್ರಭೇದಗಳ ಬಾಲದ ತುದಿ ಗುರಾಣಿಯಂತಿರುತ್ತದೆ. ಇವಕ್ಕೆ ತೇವವುಳ್ಳ ಸಡಿಲ ಮಣ್ಣು ಬೇಕು. ಬೇಸಗೆಯಲ್ಲಿ ಬಿರಿಯುವ ಹುನಗುಂದ, ಇಳಕಲ್ಲಿನ ಎರೆಭೂಮಿಯಂಥ ಬಯಲನ್ನು ದಾಟಲಾರದೆ ಹೆಚ್ಚಿನವು ಮಲೆಗಳಲ್ಲಿಯೇ ಉಳಿದು, ಬೆಟ್ಟಕ್ಕೊಂದರಂತೆ ಬೇರೆಬೇರೆಯಾದವು. ಎಲಿಯಟ್ಟರ ಹೆಸರಿನದು ಮಾತ್ರ ಪಶ್ಚಿಮ, ಪೂರ್ವ ಎರಡೂ ಘಟ್ಟಗಳಲ್ಲಿದೆ. ನಮ್ಮ ಹೊಲಗಳ ಎರಡು ತಲೆ ಹಾವು ಈ ಕುಟುಂಬದ್ದಲ್ಲ.

1845ರಲ್ಲಿ ಎಲಿಯಟ್ಟರು ಅಮರಾವತಿಯ ಸ್ತೂಪವನ್ನು ಅಗೆಸಿದರು, 1860ರಲ್ಲಿ ನಿವೃತ್ತರಾದರು. ಕಣ್ಣು ಮಂಜಾದ ಮುಪ್ಪಿನಲ್ಲಿಯೂ ದಕ್ಷಿಣ ಭಾರತದ ನಾಣ್ಯಗಳ ಗ್ರಂಥವನ್ನು 1885ರಲ್ಲಿ ಹೊರತಂದು, 1887ರ ಮಾರ್ಚ್ 1ರಂದು ತೀರಿಕೊಂಡರು.

ಚೆನ್ನಮ್ಮನನ್ನು ನೆನೆದು ಹೆಮ್ಮೆಪಡುವ ನಾವು, ಆಕೆಯ ಸೆರೆಯಾಳಾಗಿದ್ದ ಕುಂಪಣಿಯ ಅಧಿಕಾರಿಯನ್ನು ಹೇಗೆ ಕಾಣಬೇಕು? ಅವರ ಸರಕಾರವನ್ನು ನಾನು ಹೊಗಳಲಾರೆ. ಅವರ ಶ್ರಮವನ್ನು ಅಲ್ಲಗಳೆಯಲಾರೆ. ಆದರೆ ಶಾಸನ ಓದಿಕೊಟ್ಟ ಪಂಡಿತರ, ಇಲಿಯ ಹೆಸರು ಹೇಳಿದ ಒಡ್ಡರ ಋಣವೂ ಆ ಕೀರ್ತಿಯಲ್ಲಿದೆ. ನಮ್ಮೂರ ಕಲ್ಲು, ಹುಳು, ಹಾವುಗಳನ್ನು ನಾವೇ ಗುರುತಿಸಿ ಕನ್ನಡದಲ್ಲಿ ಬರೆದಿಟ್ಟರೆ ಆ ಋಣ ಸ್ವಲ್ಪವಾದರೂ ತೀರೀತು.