ಮೊದಲ ಕೆಲಸಕ್ಕೆ ಎಂಟು ವರ್ಷ

ಮಕ್ಕಳೇ, ಜಮಖಂಡಿ, ಮುಧೋಳದ ಸರ್ಕಾರಿ ಆಸ್ಪತ್ರೆಗೆ ಹೋದರೆ ಇಂಜೆಕ್ಷನ್ ಕೊಡುವ, ಗಾಯಕ್ಕೆ ಪಟ್ಟಿ ಕಟ್ಟುವ ಸಿಸ್ಟರ್ ಕಾಣುತ್ತಾರೆ. ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್‌ರಿಗೆ (1820–1910) ಈ ಕೆಲಸ ಸುಲಭವಾಗಿ ಸಿಗಲಿಲ್ಲ. 1845ರಲ್ಲಿ ಶುಶ್ರೂಷೆ ಕಲಿಯಲು ಹೊರಟಾಗ ಶ್ರೀಮಂತ ತಂದೆತಾಯಿ ಒಪ್ಪಲಿಲ್ಲ. ಆಗ ದಾದಿಯರಿಗೆ ಗೌರವವಿರಲಿಲ್ಲ.

1851ರಲ್ಲಿ ಜರ್ಮನಿಯಲ್ಲಿ ಮೂರು ತಿಂಗಳು ತರಬೇತಿ ಪಡೆದರು. ಆದರೂ 1853ರವರೆಗೆ ಕಾಯಬೇಕಾಯಿತು. ಕೊನೆಗೆ ಲಂಡನ್ನಿನ ಚಿಕ್ಕ ಆಸ್ಪತ್ರೆಯೊಂದಕ್ಕೆ ಮೇಲ್ವಿಚಾರಕಿಯಾದರು. ಸಂಬಳವಿಲ್ಲ! ತಂದೆ ವರ್ಷಕ್ಕೆ 500 ಪೌಂಡು ಕೊಡುತ್ತಿದ್ದರಿಂದ ನಡೆಯಿತು; ಬಡವರ ಮಗಳಾಗಿದ್ದರೆ?

ಮೆಟ್ಟಿಲು ಹತ್ತಿಳಿಯುವುದರಲ್ಲೇ ದಾದಿಯರ ಸಮಯ ಕಳೆಯಬಾರದೆಂದು ಅವರು ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು, ಊಟವನ್ನು ಮೇಲಕ್ಕೆಳೆಯಲು ಲಿಫ್ಟು, ರೋಗಿಗಳು ಕರೆಯಲು ಗಂಟೆ ಬೇಕೆಂದು ಪಟ್ಟು ಹಿಡಿದರು.

1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ಅಲ್ಲಿ ಕಲಿಯುವವರಿಗೆ ಊಟ, ವಸತಿಯ ಜೊತೆ ವರ್ಷಕ್ಕೆ 10 ಪೌಂಡು ಕೊಡುತ್ತಿದ್ದರು.