ಗಾಜಿಗೆ ಮಾನ ತಂದ ಅಕ್ಕಸಾಲಿಗ

ಒಡವೆಯ ಬೆಲೆಯನ್ನು ಚಿನ್ನದ ತೂಕದಿಂದಲೂ ಹರಳಿನ ಗಾತ್ರದಿಂದಲೂ ಅಳೆಯುವುದು ಲೋಕರೂಢಿ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದಲ್ಲಿಯೂ ವಜ್ರಕ್ಕೇ ಅಗ್ರಸ್ಥಾನ. ಗಾಜೆಂದರೆ ಬಡವರ ಪಾಲಿನ ಹುಸಿಹರಳು. ಈ ಎಣಿಕೆಯನ್ನು ಅಲುಗಾಡಿಸಿದವನು ರೆನೆ ಲಾಲಿಕ್.

ಅವನು 1860ರಲ್ಲಿ ಫ್ರಾನ್ಸಿನ ಷಾಂಪೇನ್ ಪ್ರಾಂತದ ಆಯಿ ಎಂಬ ಊರಿನಲ್ಲಿ ಜನಿಸಿದನು. 1876ರಲ್ಲಿ ತಂದೆ ತೀರಿಕೊಂಡಾಗ, ಹದಿನಾರರ ಹುಡುಗನು ಪ್ಯಾರಿಸ್ಸಿನ ಲೂಯಿ ಓಕಾಕ್ ಎಂಬ ಆಭರಣಕಾರನ ಬಳಿ ಕೆಲಸ ಕಲಿಯಲು ಸೇರಿದನು. ತರುವಾಯ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದು ಚಿತ್ರಕಲೆಯನ್ನು ಅಭ್ಯಸಿಸಿದನು. ಮರಳಿ ಬಂದು ಹೆಸರಾಂತ ಅಂಗಡಿಗಳಿಗೆ ಒಡವೆಗಳ ನಕ್ಷೆಗಳನ್ನು ಬರೆದುಕೊಡುತ್ತಿದ್ದು, 1885ರಲ್ಲಿ ಸ್ವಂತ ಕಾರ್ಯಾಗಾರದ ಒಡೆಯನಾದನು.

ಹೂ, ಬಳ್ಳಿ, ಹಾವು, ಕೀಟಗಳೇ ಅವನ ಒಡವೆಗಳ ವಸ್ತು. ದನದ ಕೊಂಬನ್ನು ಸಹ ಅವನು ಚಿನ್ನದ ಪಕ್ಕದಲ್ಲಿ ಕೂರಿಸಿದನು. ಅವನ ನೈಪುಣ್ಯವು ವಿಶೇಷವಾಗಿ ಕಾಣುವುದು ಎನಾಮೆಲ್ಲಿನಲ್ಲಿ. ನಮ್ಮಲ್ಲಿ ಮೀನಾಕಾರಿ ಎನ್ನುವ ಈ ಕೆಲಸದಲ್ಲಿ ಬಣ್ಣವಾಗಿ ತೋರುವುದು ಲೋಹಕ್ಕೆ ಬೆಸೆದ ಗಾಜೇ. ಲೋಹದ ಪುಟ್ಟ ಪುಟ್ಟ ಕಂಡಿಗಳಲ್ಲಿ ಗಾಜಿನ ಪುಡಿಯನ್ನು ತುಂಬಿ ಕುಲುಮೆಯಲ್ಲಿ ಕರಗಿಸುವರು. ಹಿಂಬದಿಯಲ್ಲಿ ತಗಡಿಲ್ಲದಂತೆ ಇದನ್ನು ಸಾಧಿಸಿದರೆ ಬೆಳಕು ಒಳಗಿಂದ ತೂರಿಬರುತ್ತದೆ. ಶಾಖ ತುಸು ತಪ್ಪಿದರೂ ಅಷ್ಟು ದಿನಗಳ ಶ್ರಮವೆಲ್ಲ ಮಣ್ಣುಪಾಲು.

1900ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಲಾಲಿಕನ ಒಡವೆಗಳನ್ನು ನೋಡಲು ಜನ ಮುಗಿಬಿದ್ದರು. ಅವನ ಕೃತಿಗಳಲ್ಲಿ ಹೆಸರಾದುದು ಸುಮಾರು 26 ಸೆಂಟಿಮೀಟರ್ ಅಗಲದ ಒಂದು ಎದೆಪದಕ. ಏರೋಪ್ಲೇನ್ ಚಿಟ್ಟೆಯ ಬಾಯಿಂದ ಸ್ತ್ರೀಯೊಬ್ಬಳು ಮೂಡಿಬರುತ್ತಿದ್ದಾಳೆ. ಎನಾಮೆಲ್ ರೆಕ್ಕೆಗಳು ಪಾರದರ್ಶಕ. ಕಾಲುಗಳು ಭಯಂಕರ ಉಗುರುಗಳು. ಅದನ್ನು ಧರಿಸಿ ಓಡಾಡುವುದು ಸುಲಭವಾಗಿರಲಾರದು! ಕಲೂಸ್ತ್ ಗುಲ್ಬೆಂಕಿಯನ್ ಎಂಬ ಸಿರಿವಂತನು ಅದನ್ನು ಕೊಂಡನು. ಈಗ ಅದು ಲಿಸ್ಬನ್ ನಗರದಲ್ಲಿ, ಅವನ ಹೆಸರಿನ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಕೀರ್ತಿಯ ಬೆನ್ನಿಗೇ ಅನುಕರಣೆಯೂ ಬಂದಿತು. ಅಂಗಡಿ ಅಂಗಡಿಗಳಲ್ಲಿ ಅವನ ಮಾದರಿಯ ಅಗ್ಗದ ಒಡವೆಗಳು ತುಂಬಿದವು. ಲಾಲಿಕನು ಮೆಲ್ಲಮೆಲ್ಲನೆ ಒಡವೆಯಿಂದ ದೂರ ಸರಿದು, ಅದುವರೆಗೆ ಒಡವೆಯ ಒಂದು ಅಂಗವಾಗಿದ್ದ ಗಾಜನ್ನೇ ಕೈಗೆತ್ತಿಕೊಂಡನು. ಸುಗಂಧ ವ್ಯಾಪಾರಿ ಫ್ರಾನ್ಸ್ವಾ ಕೋತಿಗಾಗಿ ಅಂದವಾದ ಶೀಶೆಗಳನ್ನು ರೂಪಿಸಿದನು. ಐವತ್ತು ದಾಟಿದ ಮೇಲೆ, 1913ರಲ್ಲಿ, ಗಾಜಿನ ಕಾರ್ಖಾನೆಯೊಂದನ್ನು ಕೊಂಡನು. ಮೊದಲನೆಯ ಮಹಾಯುದ್ಧದ ಬಳಿಕ ಅಲ್ಸೇಸ್ ಪ್ರಾಂತದ ವಿಂಗೆನ್ ಗ್ರಾಮದಲ್ಲಿ ಮತ್ತೊಂದನ್ನು ಕಟ್ಟಿಸಿದನು. ಒಡವೆಗಳು ಕೆಲವೇ ಸಿರಿವಂತರ ಪಾಲಾಗಿದ್ದವು. ಅಚ್ಚಿನಲ್ಲಿ ಒತ್ತಿದ ಗಾಜು ಅನೇಕರ ಮನೆ ಸೇರಿತು.

1940ರಲ್ಲಿ ಜರ್ಮನ್ ಸೇನೆ ಅಲ್ಸೇಸನ್ನು ಆಕ್ರಮಿಸಿದಾಗ ಆ ಕಾರ್ಖಾನೆಯ ಕೆಲಸ ನಿಂತುಹೋಯಿತು. 1945ರ ಮೇ ತಿಂಗಳಲ್ಲಿ ಲಾಲಿಕ್ ನಿಧನನಾದನು. ವಿಂಗೆನ್ನಿನ ಕುಲುಮೆಗಳನ್ನು ಮತ್ತೆ ಹೊತ್ತಿಸಿದವನು ಅವನ ಮಗ ಮಾರ್ಕ್.