ತೌರಾತ್ ಬಲ್ಲ ಸಹಾಬಿ: ಹಝ್ರತ್ ಅಬ್ದುಲ್ಲಾ ಬಿನ್ ಸಲಾಮ್(ರ)

ಬೈಬಲ್‌ನ ಧರ್ಮೋಪದೇಶಕಾಂಡದ 28ನೇ ಅಧ್ಯಾಯವು ಒಂದು ಶರ್ತದ ಮೇಲೆ ನಿಂತಿದೆ. ಇಸ್ರಾಈಲ್ ಸಂತತಿಯು ದೇವಾಜ್ಞೆಗಳನ್ನು ಪಾಲಿಸಿದರೆ ಊರಿಗೂ ಹೊಲಕ್ಕೂ ಹಿಟ್ಟು ನಾದುವ ಪಾತ್ರೆಗೂ ಸಮೃದ್ಧಿ. ಉಲ್ಲಂಘಿಸಿದರೆ ಅದೇ ಊರು, ಹೊಲ, ಪಾತ್ರೆಗಳಿಗೆ ಶಾಪ. ನೀವು ನಿಮ್ಮ ಕರಾರನ್ನು ಈಡೇರಿಸಿದರೆ ಅಲ್ಲಾಹನು ತನ್ನದನ್ನು ಈಡೇರಿಸುವನೆಂದು ಪವಿತ್ರ ಕುರ್‌ಆನ್ ಅಲ್‌ಬಕರಃ ಅಧ್ಯಾಯದ 40ನೇ ಸೂಕ್ತದಲ್ಲಿ ಅವರಿಗೆ ನೆನಪಿಸುತ್ತದೆ. ಮದೀನಾದಲ್ಲಿ ಈ ಶರ್ತದ ಅರ್ಥವನ್ನು ಬದುಕಿ ತೋರಿಸಿದವರಲ್ಲಿ ಅಬ್ದುಲ್ಲಾ ಬಿನ್ ಸಲಾಮ್(ರ) ಒಬ್ಬರು.

ಅವರ ಮೊದಲ ಹೆಸರು ಹುಸೈನ್. ಬನೂ ಕೈನುಕಾದ ವಿದ್ವಾಂಸ; ಪ್ರವಾದಿ ಯೂಸುಫ್(ಅ)ರ ವಂಶಜರು. ಕ್ರಿ.ಶ. 622ರಲ್ಲಿ ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಜನರೊಂದಿಗೆ ಇವರೂ ನೋಡಲು ಹೋದರು. ಆ ಮುಖ ಸುಳ್ಳುಗಾರನದಲ್ಲವೆಂದು ನೋಡಿದೊಡನೆ ಮನವರಿಕೆಯಾಯಿತು. ಸಲಾಮ್ ಹರಡಬೇಕು, ಉಣ್ಣಲಿಕ್ಕಬೇಕು, ಜನರು ಮಲಗಿರುವಾಗ ನಮಾಝ್ ಮಾಡಬೇಕು ಎಂಬುದೇ ಅವರ ಕಿವಿಗೆ ಬಿದ್ದ ಮೊದಲ ಉಪದೇಶ. ಪ್ರವಾದಿಯ ಹೊರತು ಯಾರೂ ಅರಿಯದ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರ ಪಡೆದು ಸತ್ಯವಿಶ್ವಾಸ ಸ್ವೀಕರಿಸಿದರು. ಅಬ್ದುಲ್ಲಾ ಎಂಬ ಹೆಸರನ್ನು ಪ್ರವಾದಿವರ್ಯರೇ(ಸ) ಇಟ್ಟರು.

ಸುದ್ದಿ ಹರಡುವ ಮೊದಲು ತನ್ನ ಬಗ್ಗೆ ತನ್ನವರನ್ನು ವಿಚಾರಿಸಬೇಕೆಂದು ಕೋರಿ ಅವರು ಮರೆಯಲ್ಲಿ ನಿಂತರು. ಬಂದವರು ಅವರನ್ನು ಶ್ರೇಷ್ಠ, ಶ್ರೇಷ್ಠನ ಮಗ ಎಂದು ಹೊಗಳಿದರು. ಅವರು ಹೊರಬಂದು ಶಹಾದತ್ ನುಡಿದೊಡನೆ ಅದೇ ನಾಲಿಗೆಗಳು ನೀಚ, ನೀಚನ ಮಗ ಎಂದವು. ಕುಲದ ಗೌರವ ಕ್ಷಣಮಾತ್ರದಲ್ಲಿ ಹೋಯಿತು.

ಒಮ್ಮೆ ವ್ಯಭಿಚಾರದ ಮೊಕದ್ದಮೆಯೊಂದು ಪ್ರವಾದಿವರ್ಯರ(ಸ) ಮುಂದೆ ಬಂತು. ತೌರಾತ್ ತಂದು ಓದಿದವನು ಶಿಕ್ಷೆಯ ವಾಕ್ಯದ ಮೇಲೆ ಅಂಗೈಯಿಟ್ಟು ಅದರ ಹಿಂದುಮುಂದಿನದನ್ನಷ್ಟೇ ಓದಿದ. ಅಬ್ದುಲ್ಲಾ(ರ) ಕೈ ಎತ್ತಲು ಹೇಳಿದರು. ವಾಕ್ಯ ಅಲ್ಲೇ ಇತ್ತು. ಮಹ್ರ್‌ನ ಸೂಕ್ತದ ಮೇಲೆ ಅಂಗೈಯಿಟ್ಟು ವರದಕ್ಷಿಣೆಯ ಲೆಕ್ಕ ಹಾಕುವ ನಾವು ಆ ಓದುಗನನ್ನು ಕಂಡು ನಗುವಂತಿಲ್ಲ.

ಅವರಿಗೊಂದು ಕನಸು ಬಿತ್ತು. ಹಸಿರು ತೋಟ, ನಡುವೆ ಕಂಬ, ತುದಿಯಲ್ಲೊಂದು ಹಿಡಿಕೆ. ಅದನ್ನವರು ಭದ್ರವಾಗಿ ಹಿಡಿದಿದ್ದರು. ಮರಣದವರೆಗೂ ಅವರು ಇಸ್ಲಾಮಿನಲ್ಲಿರುವರೆಂದು ಪ್ರವಾದಿವರ್ಯರು(ಸ) ಅರ್ಥ ಹೇಳಿದರು. ಮುಂದೆ ಮಸೀದಿಯಲ್ಲಿ ಜನರು ಅವರನ್ನು ತೋರಿಸಿ ಸ್ವರ್ಗದವರೆಂದಾಗ, ತಿಳಿಯದ್ದನ್ನು ಯಾರೂ ಹೇಳಬಾರದೆಂದು ತಡೆದು ಕನಸನ್ನಷ್ಟೇ ವಿವರಿಸಿದರು.

ಹಿಜ್ರಿ 35ರಲ್ಲಿ ಖಲೀಫಾ ಉಸ್ಮಾನ್(ರ)ರ ಮನೆಗೆ ಬಂಡುಕೋರರು ಮುತ್ತಿಗೆ ಹಾಕಿದಾಗ ಕೊಲೆ ಬೇಡವೆಂದು ಅವರೆದುರು ನಿಂತು ಬೇಡಿದರು. ಯಾರೂ ಕೇಳಲಿಲ್ಲ.

ಒಂದು ದಿನ ಅವರು ಸೌದೆಯ ಹೊರೆ ಹೊತ್ತು ಪೇಟೆಯಲ್ಲಿ ಹೋಗುತ್ತಿದ್ದರು. ಈ ಕಷ್ಟ ಬೇಕಿಲ್ಲದಷ್ಟು ಅಲ್ಲಾಹನು ಕೊಟ್ಟಿರುವನಲ್ಲ ಎಂದು ಜನರು ಕೇಳಿದರು. ಹೌದೆಂದು ಒಪ್ಪಿಕೊಂಡ ಅವರು, ತನ್ನೊಳಗಿನ ಅಹಂಕಾರವನ್ನು ಓಡಿಸಲು ಹೊತ್ತಿದ್ದೇನೆಂದರು. ಸಾಸಿವೆಯಷ್ಟು ಅಹಂಕಾರವಿದ್ದವನೂ ಸ್ವರ್ಗ ಪ್ರವೇಶಿಸಲಾರನೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದು ಅವರಿಗೆ ನೆನಪಿತ್ತು. ಹಿಜ್ರಿ 43ರಲ್ಲಿ ಅವರು ಮದೀನಾದಲ್ಲಿಯೇ ನಿಧನರಾದರು.